ನವಿಲಿಗೆ ಸೊನ್ನೆ ಓಟು

ನಂಜಮ್ಮ ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕಿತ್ತುಕೊಂಡು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಈ ಡಬ್ಬ ಬಿಚ್ಚೋಕೆ ನಿನ್ನ ಬುಡಾಕಿಲ್ಲ ಕಣ್ಲಾ ಮಾದೇಸ. ನೀನು ಬಿಚ್ಚುದ್ರೆ ಒಳಗಿರೋ ಕಳ್ಳತನ ಮುಚ್ಚಾಕ್ಬುಡ್ತೀಯ," ಎಂದರು. ನಾನು ಬರಿಗೈಯಲ್ಲಿ ನಿಂತುಕೊಂಡೆ. ಸುತ್ತ ಐವತ್ತಮೂರು ಜನ ಮತದಾರರು, ಮೇಲೆ ಕಾದ ತಗಡಿನ ಚಪ್ಪರ, ಮಧ್ಯೆ ಮೇಜಿನ ಮೇಲೆ ನಾನೇ ಕೈಯಾರೆ ಮಾಡಿದ ಓಟಿನ ಮೆಷಿನ್. ಅದು ತೋರಿಸುತ್ತಿದ್ದ ಲೆಕ್ಕ ಇಷ್ಟೇ. ಪುಟ್ಟಬಸಪ್ಪನವರ ತಕ್ಕಡಿ ಗುರುತಿಗೆ ಮೂವತ್ತೊಂದು. ನಂಜಮ್ಮನವರ ನವಿಲು ಗುರುತಿಗೆ ಸೊನ್ನೆ. ಸೊನ್ನೆ ಎಂದರೆ ಸೊನ್ನೆಯೇ. ನಂಜಮ್ಮ ತಮಗೆ ತಾವೇ ಹಾಕಿಕೊಂಡ ಓಟು ಕೂಡ ಅದರಲ್ಲಿ ಇರಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು, ಅದರಲ್ಲೂ ಗಣಿತದ ಮೇಷ್ಟ್ರು ಕರುಣೆ ತೋರಿಸಿದ್ದರಿಂದ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಜರ್‌ಬಾದಿನಲ್ಲಿ ಒಂದು ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದೇನೆ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಕರೆಂಟು ಹರಿಯುವ ಯಾವುದೇ ಸಾಮಾನು ತಂದುಕೊಡಿ, ಬಿಚ್ಚುತ್ತೇನೆ. ವಾಪಸ್ ಜೋಡಿಸುತ್ತೇನೆ ಕೂಡ. ಇಂಥವನು ಓಟಿನ ಮೆಷಿನ್ ಮಾಡಲು ಹೋಗಿದ್ದು ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಉತ್ತರ ಸುಲಭ. ಯಾರಾದರೂ "ಇದು ನಿನ್ನ ಕೈಲಿ ಆಗುತ್ತಾ?" ಎಂದು ಕೇಳಿದರೆ "ಆಗಲ್ಲ" ಎನ್ನುವ ಮಾತು ನನ್ನ ಬಾಯಿಗೆ ಬರುವುದೇ ಇಲ್ಲ. ಇದು ನನ್ನ ಹುಟ್ಟು ಕಾಯಿಲೆ.

ಆಗ ದೊಡ್ಡ ಎಲೆಕ್ಷನ್ನಿಗೆ ಕಾಗದ ಹೋಗಿ ಮೆಷಿನ್ ಬಂದ ಹೊಸತು. ಊರಿನಲ್ಲಿ ಎಲ್ಲಿ ನೋಡಿದರೂ ಅದೇ ಮಾತು. ಸೀಲು ಒತ್ತುವಂತಿಲ್ಲ, ಮಡಚುವಂತಿಲ್ಲ, ಡಬ್ಬಕ್ಕೆ ಹಾಕುವಂತಿಲ್ಲ, ಹಾಗಾದರೆ ಓಟು ಹೋಯಿತು ಅಂತ ಗೊತ್ತಾಗುವುದು ಹೇಗೆ ಎಂದು ಜನ ಕೇಳುತ್ತಿದ್ದರು. ಕ್ಷೌರದಂಗಡಿಯಲ್ಲಿ ಕೂತವರೆಲ್ಲ ಎಂಜಿನಿಯರುಗಳಾದರು. ಯಾವ ಗುಂಡಿ ಒತ್ತಿದರೂ ಒಬ್ಬರಿಗೇ ಹೋಗುತ್ತದಂತೆ ಎಂದು ಒಬ್ಬರು, ಮಳೆ ಬಂದರೆ ಓಟು ಅಳಿಸಿಹೋಗುತ್ತದಂತೆ ಎಂದು ಇನ್ನೊಬ್ಬರು. ನಾನು ರಿಪೇರಿಯವನಾದ್ದರಿಂದ ನನ್ನನ್ನು ವಿಶೇಷವಾಗಿ ಕೇಳುತ್ತಿದ್ದರು. ನಾನು ಅದರ ಒಳಗೆ ನೋಡಿಲ್ಲ, ನೋಡದೆ ಹೇಳಲ್ಲ ಎಂದೆ. ಈ ಉತ್ತರ ಯಾರಿಗೂ ರುಚಿಸಲಿಲ್ಲ. ನಮ್ಮಜ್ಜಿಯ ದುಃಖ ಬೇರೆಯದೇ. ಕಾಗದದ ಕಾಲದಲ್ಲಿ ಅವಳು ಯಾರಿಗೂ ಬೇಜಾರಾಗಬಾರದು ಎಂದು ಚೀಟಿಯಲ್ಲಿದ್ದ ಎಲ್ಲ ಗುರುತುಗಳಿಗೂ ಒಂದೊಂದು ಸೀಲು ಒತ್ತಿ ಬರುತ್ತಿದ್ದಳು. ಮೆಷಿನ್ ಬಂದ ಮೇಲೆ ಮೊದಲನೆಯದು ಒತ್ತಿದಳು, ಕುಂಯ್ ಎಂದಿತು, ಎರಡನೆಯದು ಒತ್ತಿದಳು, ಏನೂ ಆಗಲಿಲ್ಲ. ಮಿಕ್ಕವರೆಲ್ಲ ಏನಂದುಕೊಂಡಾರು ಎಂದು ಮನೆಗೆ ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಶುರುವಾಗುವ ಪಾದದಲ್ಲಿ ಹೂವು, ಹಣ್ಣುಕಾಯಿ, ಬಳೆ, ಊದುಬತ್ತಿ ಮಾರುವವರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಚಿಕ್ಕ ಸಂಘ ಎಂದು ನಗಬೇಡಿ. ಆಷಾಢ ಶುಕ್ರವಾರಗಳಲ್ಲಿ ಯಾರು ಯಾವ ಜಾಗದಲ್ಲಿ ಕೂರಬೇಕು ಎಂದು ಹೇಳುವವರು ಅದರ ಅಧ್ಯಕ್ಷರು. ಮೊದಲ ಮೆಟ್ಟಿಲಿನ ಪಕ್ಕದ ಹೊಂಗೆಮರದ ನೆರಳು ಸಿಕ್ಕಿದವರು ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ ಮಾಡಿ ಮನೆಗೆ ಹೋಗುತ್ತಿದ್ದರು. ನಂಜಮ್ಮನವರಿಗೆ ಒಂಬತ್ತು ವರ್ಷದಿಂದ ಸಿಗುತ್ತಿದ್ದದ್ದು ಪಾಯಖಾನೆ ಗೋಡೆಯ ಹಿಂಭಾಗ. ದೇವರಿಗೆ ಹೋಗುವವರು ಅಲ್ಲಿಂದ ಹೂವು ಕೊಳ್ಳುತ್ತಾರೆಯೇ? ಬಾಡಿದ ಮಲ್ಲಿಗೆಯನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಹೋಗಿ ಅವರಿಗೆ ಸಾಕಾಗಿತ್ತು. ಅದಕ್ಕೇ ಎಲೆಕ್ಷನ್ನಿಗೆ ನಿಂತರು.

ಎದುರಾಳಿ ಪುಟ್ಟಬಸಪ್ಪನವರು. ಊದುಬತ್ತಿ ವ್ಯಾಪಾರ, ಹಣೆಯ ತುಂಬ ವಿಭೂತಿ, ಹನ್ನೆರಡು ವರ್ಷದಿಂದ ಅಧ್ಯಕ್ಷರು. ಕೆಟ್ಟವರಲ್ಲ. ಆದರೆ ಹಿಂದಿನ ಸಲ ತೆಂಗಿನಕಾಯಿ ಬುಟ್ಟಿಯಲ್ಲಿ ಚೀಟಿ ಹಾಕಿಸಿ ಎಣಿಸಿದಾಗ ಐವತ್ತಮೂರು ಜನರಿಗೆ ಐವತ್ತೆಂಟು ಚೀಟಿ ಬಂದಿದ್ದವು. ಅವತ್ತಿನಿಂದ ಅವರು ಮುಂದೆ ಹೋದರೆ ಹಿಂದಿನಿಂದ ಯಾರಾದರೂ "ಐವತ್ತೆಂಟು" ಎಂದು ಕೆಮ್ಮುತ್ತಿದ್ದರು. ಐದು ಚೀಟಿ ಎಲ್ಲಿಂದ ಬಂದವೋ ತಮಗೆ ಗೊತ್ತಿಲ್ಲ ಎಂದು ಅವರು ಕಂಡ ಕಂಡ ದೇವರ ಮೇಲೆ ಆಣೆ ಇಟ್ಟಿದ್ದರು. ನಂಬಿದವರು ಕಡಿಮೆ. ಅದಕ್ಕೆ ಈ ಸಲ ಅವರೇ ನನ್ನ ಅಂಗಡಿಗೆ ಬಂದು, ಸರ್ಕಾರದವರ ಥರ ಒಂದು ಮೆಷಿನ್ ಮಾಡಿಕೊಡಪ್ಪ, ನಿನ್ನ ಕೈಲಿ ಆಗುತ್ತಾ ಎಂದು ಕೇಳಿದರು. ನನ್ನ ಕಾಯಿಲೆ ನಿಮಗೆ ಗೊತ್ತಲ್ಲ.

ಮಾಡಿದೆ. ಒಂದು ಮರದ ಪೆಟ್ಟಿಗೆ, ಮೇಲೆ ಎರಡು ಕಾಲಿಂಗ್ ಬೆಲ್ ಗುಂಡಿ, ಒಳಗೆ ಗುಜರಿಯಲ್ಲಿ ಸಿಕ್ಕಿದ ಎರಡು ನಂಬರಿನ ಮೀಟರು, ಕರೆಂಟಿಗೆ ಸ್ಕೂಟರ್ ಬ್ಯಾಟರಿ. ಗುಂಡಿ ಒತ್ತಿದರೆ ಮೀಟರಿನ ನಂಬರು ಒಂದು ಮುಂದೆ ಹೋಗುತ್ತದೆ. ಎಲೆಕ್ಷನ್ ನಡೆಸಿಕೊಡಲು ರಾಚಪ್ಪ ಮೇಷ್ಟ್ರು ಒಪ್ಪಿದ್ದರು. ರಿಟೈರಾದವರು, ನೌಕರಿಯಲ್ಲಿದ್ದಾಗ ಊರೂರಿಗೆ ಹೋಗಿ ಮತಗಟ್ಟೆ ನೋಡಿಕೊಂಡವರು, ಯಾರ ಕಡೆಯವರೂ ಅಲ್ಲ. ಅವರ ಕೈಗೆ ಉದ್ದ ವೈರಿನ ಒಂದು ಸ್ವಿಚ್ಚು ಕೊಟ್ಟೆ. ಅವರು ಒತ್ತಿದರೆ ಗಂಟೆ ಬಾರಿಸಿ ಪರದೆಯ ಹಿಂದಿನ ಪೆಟ್ಟಿಗೆ ಒಂದು ಓಟಿಗೆ ತಯಾರಾಗುತ್ತದೆ. ಒಬ್ಬರು ಎರಡು ಓಟು ಹಾಕಲು ಸಾಧ್ಯವೇ ಇಲ್ಲ. ಇಷ್ಟು ಮಾಡಿ ಮುಗಿಸಿದ ದಿನ ನಾನು ಅಂಗಡಿಯ ಮುಂದೆ ನಿಂತ ರೀತಿ ನೋಡಿದ್ದರೆ ನೀವೂ ನನಗೆ ಓಟು ಹಾಕುತ್ತಿದ್ದಿರಿ. ಗುರುತಿನ ಚಿತ್ರ ಬರೆದವರು ಮೇಷ್ಟ್ರು. ತಕ್ಕಡಿ ತಕ್ಕಡಿಯಂತೆ ಬಂತು. ನವಿಲು ಕೋಳಿಯಂತೆ ಬಂತು. ನಂಜಮ್ಮ ಅದರ ಕೆಳಗೆ "ನವಿಲು" ಎಂದು ಬರೆಸಿದರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟೆ. ಎಲ್ಲರೂ ನೋಡುವಂತೆ ಎರಡೂ ಮೀಟರನ್ನು ಸೊನ್ನೆಗೆ ತಿರುಗಿಸಿ ಮುಚ್ಚಳ ಹಾಕಿ ಮೇಲೆ ಇಬ್ಬರು ಅಭ್ಯರ್ಥಿಗಳ ರುಜು ಇದ್ದ ಚೀಟಿ ಅಂಟಿಸಿದೆವು. ಶುರು ಮಾಡೋಣವೇ ಎಂದರು ಮೇಷ್ಟ್ರು. ಪೂಜೆ ಆಗದೆ ಹೇಗೆ ಎಂದು ಒಂದೇ ಸಲ ಹತ್ತು ಜನ ಕೇಳಿದರು. ಸರಿಯಾದ ಮಾತೇ. ನಮ್ಮೂರಲ್ಲಿ ಹೊಸ ಸೈಕಲ್ಲಿಗೂ ಪೂಜೆಯಾಗದೆ ಪೆಡಲು ತುಳಿಯುವುದಿಲ್ಲ. ಆಯುಧಪೂಜೆಯ ದಿನ ನನ್ನ ಬೆಸುಗೆ ಕಡ್ಡಿಗೂ ಕುಂಕುಮ ಇಡುತ್ತೇನೆ. ಪುಟ್ಟಬಸಪ್ಪನವರು ಪೆಟ್ಟಿಗೆಯ ಮುಂದೆ ಕಾಯಿ ಒಡೆದರು, ಊದುಬತ್ತಿ ಹಚ್ಚಿದರು, ಮುಚ್ಚಳದ ಮೇಲೆ ಮೂರು ಗೆರೆ ವಿಭೂತಿ ಎಳೆದು ಕೈಮುಗಿದರು. ಆಮೇಲೆ ನಂಜಮ್ಮ ಬಂದರು. ಅವರು ನವಿಲಿನ ಗುಂಡಿಗೆ ಮಾತ್ರ ಪೂಜೆ ಮಾಡಿದರು. ತೇದು ತಂದಿದ್ದ ಗಂಧ ಮೆತ್ತಿದರು, ಅದರ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ, ಕೊನೆಗೆ ಒಂದು ಹಿಡಿ ಅಕ್ಷತೆ. ನಾನು ಪಕ್ಕದಲ್ಲಿ ನಿಂತು ಏನು ಹೇಳಿದೆ ಗೊತ್ತೇ? ಚೆನ್ನಾಗಿ ಹಚ್ಚಮ್ಮ, ಕಂಜೂಸಿ ಮಾಡಬೇಡ ಎಂದೆ. ನಾನೇ ಹೇಳಿದೆ, ಈ ಬಾಯಲ್ಲೇ.

ಓಟು ಹನ್ನೆರಡಕ್ಕೆ ಮುಗಿಯಿತು. ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋದರು, ಗಂಟೆ ಬಡಿಯಿತು, ಬಂದರು. ಮೇಷ್ಟ್ರು ಪಟ್ಟಿಯಲ್ಲಿ ಗುರುತು ಹಾಕಿಕೊಂಡರು. ಯಾವ ಜಗಳವೂ ಇಲ್ಲ. ಮುಚ್ಚಳ ತೆಗೆದು ಮೀಟರು ನೋಡಿದರೆ ಮೂವತ್ತೊಂದು, ಸೊನ್ನೆ. ಪುಟ್ಟಬಸಪ್ಪನವರ ಕಡೆಯವರು ಅವರ ಕೊರಳಿಗೆ ಹಾರ ಹಾಕಿ ಆಯಿತು, ಅರ್ಧ ಜನರ ಕೈಗೆ ಬೂಂದಿ ಲಾಡು ಬಂದೂ ಆಯಿತು, ಆಗ ನಂಜಮ್ಮ ನನ್ನ ಸ್ಕ್ರೂಡ್ರೈವರಿಗೆ ಕೈ ಹಾಕಿದರು.

"ನನ್ನ ಕೈಯಾರೆ ನಾನೇ ಒತ್ತಿವ್ನಿ. ಅದೂ ಬೀಳ್ನಿಲ್ವಾ? ನನ್ನ ತಂಗಿ, ನನ್ನ ಓರಗಿತ್ತಿ, ಯಾರೂ ಒತ್ನಿಲ್ವಾ? ಏಳ್ಲಾ ಮಾದೇಸ, ಇವ್ರು ನಿಂಗೆ ಏನ್ ಕೊಟ್ರು?"

ಇದು ನನಗೆ ಎಲ್ಲಿ ತಾಗಬಾರದೋ ಅಲ್ಲೇ ತಾಗಿತು. ರಿಪೇರಿಯವನಿಗೆ ಇರುವುದು ಒಂದೇ ಆಸ್ತಿ, ಇವನು ಒಳಗಿನ ಸಾಮಾನು ಕದಿಯುವುದಿಲ್ಲ ಎನ್ನುವ ಹೆಸರು. ಓಟು ಕದ್ದ ಎನ್ನುವ ಹೆಸರು ಬಂದರೆ ನಾಳೆಯಿಂದ ನಜರ್‌ಬಾದಿನಲ್ಲಿ ಒಂದು ಇಸ್ತ್ರಿಪೆಟ್ಟಿಗೆಯೂ ನನ್ನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಜೊತೆಗೆ ಸುತ್ತಲಿದ್ದವರು ನನ್ನನ್ನು ನೋಡುತ್ತಿದ್ದ ರೀತಿ ಚೆನ್ನಾಗಿರಲಿಲ್ಲ. ಪುಟ್ಟಬಸಪ್ಪನವರ ಕಡೆಯವರು ಕೂಡ ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು, ಅದು ಇನ್ನೂ ಕೆಟ್ಟದಾಗಿತ್ತು. ಒಬ್ಬ ಕಣ್ಣು ಮಿಟುಕಿಸಿದ.

ನನ್ನನ್ನು ಉಳಿಸಿದ್ದು ಮೇಷ್ಟ್ರ ಪಟ್ಟಿ. ಅವರು ಕನ್ನಡಕ ಏರಿಸಿ, ಬಂದವರು ಐವತ್ತಮೂರು, ಮೀಟರಿನಲ್ಲಿ ಮೂವತ್ತೊಂದು, ಇಪ್ಪತ್ತೆರಡು ಓಟು ಎಲ್ಲಿ ಹೋದವು, ಮೊದಲು ಅದನ್ನು ಹುಡುಕೋಣ ಎಂದರು. ಬಿಚ್ಚಿ ನೋಡಬೇಕು ಎಂದೆ ನಾನು. ನೀನು ಬಿಚ್ಚಕೂಡದು ಎಂದರು ನಂಜಮ್ಮ. ಬಿಚ್ಚುವುದೇ ಬೇಡ, ಗೆದ್ದಾಗಿದೆ ಎಂದರು ಪುಟ್ಟಬಸಪ್ಪನವರ ಕಡೆಯವರು. ಕೊನೆಗೆ ನನಗೆ ರೇಗಿತು. ನಾನು ಮುಟ್ಟುವುದೇ ಇಲ್ಲ, ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ, ಸ್ಕ್ರೂಡ್ರೈವರ್ ನಿಮ್ಮ ಹತ್ತಿರವೇ ಇದೆ, ನೀವೇ ಬಿಚ್ಚಿ, ಯಾವ ಸ್ಕ್ರೂ ಎಂದು ಹೇಳುತ್ತೇನೆ ಎಂದೆ ನಂಜಮ್ಮನವರಿಗೆ.

ಅವರು ಬಿಚ್ಚಿದರು. ಜನ ಮೇಜಿಗೆ ಮುತ್ತಿಕೊಂಡರು. ಬಾಳೆಲೆ ಸೀಳುವ ಕೈ, ನಾಲ್ಕು ಸ್ಕ್ರೂ ನನಗಿಂತ ಬೇಗ ತೆಗೆದರು. ನವಿಲಿನ ಗುಂಡಿ ಕೈಗೆ ಬಂತು. ನೋಡಿದರೆ ಗಂಧ ಸಂದಿಯೊಳಗೆ ಇಳಿದು, ತಗಡಿನ ಬಿಸಿಗೆ ಒಣಗಿ ಸಿಮೆಂಟಾಗಿದೆ. ಅದರ ಮಧ್ಯೆ, ಗುಂಡಿ ಒಳಗೆ ಹೋಗದಂತೆ ಅಡ್ಡ ನಿಂತು, ಅರಿಶಿನ ಹಚ್ಚಿದ ಒಂದು ಅಕ್ಕಿ ಕಾಳು. ನಂಜಮ್ಮ ಅದನ್ನು ಉಗುರಿನಲ್ಲಿ ಕೆದಕಿ ತೆಗೆದು ಅಂಗೈ ಮೇಲಿಟ್ಟುಕೊಂಡು ನೋಡಿದರು. ಆಮೇಲೆ ಹಿಂದಿನಿಂದ ಯಾರೋ ಫಕ್ಕನೆ ನಕ್ಕರು, ಅಷ್ಟೇ, ಚಪ್ಪರ ಹಾರಿಹೋಗುವಂತೆ ಎಲ್ಲರೂ ನಕ್ಕರು. ನಂಜಮ್ಮ ನಗಲಿಲ್ಲ. "ನನ್ನ ಅಕ್ಷತೆಯೇ ನನಗೆ ಅಡ್ಡ ನಿಂತದಲ್ಲಪ್ಪ," ಎಂದು ನನ್ನ ಕಡೆ ತಿರುಗಿ ಸ್ಕ್ರೂಡ್ರೈವರ್ ವಾಪಸ್ ಕೊಟ್ಟರು. ಆ ಸ್ಕ್ರೂಡ್ರೈವರ್ ಕೈಗೆ ಬಂದಾಗ ನನಗೆ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಿಲ್ಲ.

ಆದರೆ ಮೇಷ್ಟ್ರು ಬಿಡುವವರಲ್ಲ. ಗುಂಡಿ ಕೆಲಸ ಮಾಡದಿದ್ದರೆ ಒತ್ತಿದವರಿಗೆ ಯಾಕೆ ಗೊತ್ತಾಗಲಿಲ್ಲ, ಗಂಟೆ ಬಡಿಯುತ್ತಿತ್ತಲ್ಲ ಎಂದು ಕೇಳಿದರು. ತಪ್ಪು ನನ್ನದೇ. ಗಂಟೆಯನ್ನು ಕಟ್ಟಿದ್ದು ಮೇಷ್ಟ್ರ ಸ್ವಿಚ್ಚಿಗೆ. ಓಟು ಹಾಕಿ ಎನ್ನುವುದಕ್ಕೆ ಅದು ಬಡಿಯುತ್ತಿತ್ತು, ಓಟು ಬಿತ್ತು ಎನ್ನುವುದಕ್ಕೆ ಅಲ್ಲ. ಜನ ಮಾತ್ರ ಗಂಟೆ ಕೇಳಿಸಿತು, ಓಟು ಬಿತ್ತು ಎಂದು ನಂಬಿ ಹೊರಗೆ ಬಂದಿದ್ದರು. ಎಲ್ಲರ ಮುಂದೆ ಇದನ್ನು ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗ ಬೇರೆ ಕಡೆ ನೋಡುತ್ತಿದ್ದೆ.

ಹಾಗಾದರೆ ಇನ್ನೊಮ್ಮೆ ಓಟು ಆಗಲಿ ಎಂದರು ನಂಜಮ್ಮ. ಆಗ ಪುಟ್ಟಬಸಪ್ಪನವರು ಹಾರ ಸರಿಮಾಡಿಕೊಂಡು ಎದ್ದರು. ಕಳೆದುಹೋದ ಇಪ್ಪತ್ತೆರಡನ್ನೂ ನಂಜಮ್ಮನಿಗೇ ಬರೆದುಕೊಳ್ಳಿ, ಆದರೂ ತಮಗೆ ಮೂವತ್ತೊಂದು ಇದೆಯಲ್ಲ, ಮತ್ತೆ ಯಾಕೆ ಎಂದರು. ಲೆಕ್ಕ ಸರಿಯಾಗಿತ್ತು. ಮೇಷ್ಟ್ರೂ ತಲೆ ಕೆರೆದುಕೊಂಡರು. ಅಷ್ಟರಲ್ಲಿ ಬಳೆ ಅಂಗಡಿಯ ಸಾಕಮ್ಮ ಮೆಲ್ಲಗೆ, "ಸ್ವಾಮಿ, ನಾನು ಆ ಕೋಳಿ ಒತ್ತಿದೆ, ಒಳಕ್ಕೆ ಓಗ್ನಿಲ್ಲ. ಇದಾದ್ರೂ ಓಯ್ತದಾ ಅಂತ ತಕ್ಕಡಿ ಒತ್ತಿ ನೋಡ್ದೆ. ಅದು ಓಯ್ತು," ಎಂದರು. ಯಾರಿಗೆ ಹಾಕಿದೆ ಎಂದು ಹೇಳಬಾರದು ಕಣಮ್ಮ, ಗುಟ್ಟು ಎಂದು ಮೇಷ್ಟ್ರು ಎರಡೂ ಕೈ ಎತ್ತಿದರು. ಅಷ್ಟರಲ್ಲಿ ಇನ್ನೂ ನಾಲ್ಕೈದು ಜನ ತಾವೂ ಹಾಗೇ ನೋಡಿದೆವು ಎಂದರು. ನಮ್ಮ ಜನ ಎಷ್ಟು ಒಳ್ಳೆಯವರು ನೋಡಿ. ತಮ್ಮ ಓಟು ಹೋದರೂ ಪರವಾಗಿಲ್ಲ, ಮೆಷಿನ್ ಕೆಟ್ಟಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿದ್ದರು.

ಪುಟ್ಟಬಸಪ್ಪನವರು ಕೂತುಬಿಟ್ಟರು. ಅವರ ಕಡೆಯವರು ಒಪ್ಪಬೇಡಿ ಎಂದು ಕಿವಿಯಲ್ಲಿ ಹೇಳುತ್ತಿದ್ದರು. ಅವರು ಬೇಡ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಬೈಗುಳದಲ್ಲಿ ಮುಗಿಯುತ್ತಿತ್ತು. ಆಗ ಮೇಷ್ಟ್ರು ಅವರ ಹತ್ತಿರ ಹೋಗಿ ಕೂತು ಹೇಳಿದರು: "ಹನ್ನೆರಡು ವರ್ಷ ಗೆದ್ರಿ ಬಸಪ್ಪನೋರೆ. ಒಂದು ಸಲಾನೂ ಯಾರೂ ಗೆದ್ದ ಅನ್ನಲಿಲ್ಲ, ಹೊಡ್ಕೊಂಡ ಅಂದ್ರು. ಈ ಸಲನಾದ್ರೂ ಗೆದ್ದ ಅನ್ನಿಸ್ಕೊಳ್ರೀ."

ಪುಟ್ಟಬಸಪ್ಪನವರು ಲಾಡು ಡಬ್ಬಕ್ಕೆ ಮುಚ್ಚಳ ಹಾಕಿದರು. ಆಮೇಲೆ ನನ್ನನ್ನು ಕರೆದು, "ಮಾಡಪ್ಪ. ಆದ್ರೆ ಈ ಸಲ ಓಟಿಗೆ ಮುಂಚೆ ನಾನು ಒತ್ತಿ ನೋಡ್ತೀನಿ. ನಿನ್ನ ಮಾತು ಬೇಡ," ಎಂದರು.

ಗುಂಡಿ ತೊಳೆದು ಒಣಗಿಸಿ ಹಾಕಿದೆ. ಗಂಟೆಯ ವೈರನ್ನು ಮೇಷ್ಟ್ರ ಸ್ವಿಚ್ಚಿನಿಂದ ಬಿಡಿಸಿ ಮೀಟರಿಗೆ ಕಟ್ಟಿದೆ, ನಂಬರು ಮುಂದೆ ಹೋದರೆ ಮಾತ್ರ ಬಡಿಯುವಂತೆ. ಐವತ್ತಮೂರು ಜನ ಹೆಗಲ ಮೇಲಿಂದ ಬಗ್ಗಿ ನೋಡುವಾಗ ಬೆಸುಗೆ ಹಾಕುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಆಮೇಲೆ ಪುಟ್ಟಬಸಪ್ಪನವರು ಮುಂದೆ ಬಂದು, ಮೇಷ್ಟ್ರು ಸ್ವಿಚ್ಚು ಒತ್ತಿದಂತೆಲ್ಲ, ತಕ್ಕಡಿ ಹತ್ತು ಸಲ ಒತ್ತಿದರು. ಹತ್ತು ಸಲ ಗಂಟೆ, ಮೀಟರಿನಲ್ಲಿ ಹತ್ತು. ಈಗ ನವಿಲು ಎಂದರು ಮೇಷ್ಟ್ರು. ಪುಟ್ಟಬಸಪ್ಪನವರ ಬೆರಳು ಗಾಳಿಯಲ್ಲೇ ನಿಂತಿತು. ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಮುಖ ಮಾಡಿಕೊಂಡು ಹತ್ತು ಸಲ ಒತ್ತಿದರು. ಪ್ರತಿ ಗಂಟೆಗೂ ನಂಜಮ್ಮನ ಕಡೆಯವರು ಚಪ್ಪಾಳೆ ತಟ್ಟಿದರು. ಅಲ್ಲೂ ಹತ್ತು. ಎರಡನ್ನೂ ಸೊನ್ನೆ ಮಾಡಿದೆವು. ಪೂಜೆ ಎಂದು ಯಾರೋ ಬಾಯಿ ತೆಗೆದರು, ಮೇಷ್ಟ್ರು ದುರುಗುಟ್ಟಿ ನೋಡಿದರು, ಬಾಯಿ ಮುಚ್ಚಿದರು. ಕೈ ಮಾತ್ರ ಮುಗಿದೆವು, ದೂರದಿಂದ.

ಎರಡನೇ ಸಲ ಓಟು ನಾಲ್ಕು ಗಂಟೆಗೆ ಮುಗಿಯಿತು. ಈ ಸಲ ಹೊರಗೆ ಕೂತವರೆಲ್ಲ ಗಂಟೆಯನ್ನು ಬೆರಳು ಮಡಚಿ ಎಣಿಸುತ್ತಿದ್ದರು. ಐವತ್ತಮೂರು ಜನ, ಐವತ್ತಮೂರು ಗಂಟೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮುಚ್ಚಳ ತೆಗೆದದ್ದು ಇಬ್ಬರು ಅಭ್ಯರ್ಥಿಗಳೇ, ಒಬ್ಬೊಬ್ಬರು ಒಂದೊಂದು ಕಡೆ ಹಿಡಿದು. ಮೇಷ್ಟ್ರು ಓದಿದರು. ತಕ್ಕಡಿ ಇಪ್ಪತ್ತೈದು. ನವಿಲು ಇಪ್ಪತ್ತೆಂಟು.

ಎಲ್ಲರೂ ಪುಟ್ಟಬಸಪ್ಪನವರ ಮುಖ ನೋಡಿದರು. ನಾನಂತೂ ಅವರ ಮುಖ ಬಿಟ್ಟು ಬೇರೇನೂ ನೋಡಲಿಲ್ಲ. ಇವರು ಮೋಸ ಎಂದುಬಿಟ್ಟರೆ ಬೆಳಿಗ್ಗೆಯಿಂದ ಮಾಡಿದ್ದೆಲ್ಲ ನೀರುಪಾಲು. ಅವರು ಬಗ್ಗಿ ಮೀಟರನ್ನು ಬೆರಳಿನಿಂದ ಒಮ್ಮೆ ತಟ್ಟಿದರು. ನಂಬರು ಅಲ್ಲಾಡಲಿಲ್ಲ. ಇನ್ನೊಮ್ಮೆ ತಟ್ಟಿದರು. ಆಮೇಲೆ ಮಧ್ಯಾಹ್ನ ಹಾಕಿದ್ದ ಹಾರವನ್ನು ಕೊರಳಿಂದ ತೆಗೆದು ನಂಜಮ್ಮನವರ ಕೈಗೆ ಕೊಟ್ಟರು.

"ತಕ್ಕೊಳವ್ವ. ನಾನೇ ಒತ್ತಿ ನೋಡಿವ್ನಿ. ಈಗ ಸುಳ್ಳು ಅನ್ನೋಕೆ ಬಾಯಿ ಬರಾಕಿಲ್ಲ."

ಆಗ ಎದ್ದ ಗದ್ದಲ ಬೆಟ್ಟದ ಮೇಲಿನವರೆಗೆ ಕೇಳಿಸಿರಬೇಕು. ಉಳಿದ ಲಾಡನ್ನು ಪುಟ್ಟಬಸಪ್ಪನವರೇ ಹಂಚಿದರು. ಅವತ್ತಿನಿಂದ ಅವರ ಹಿಂದೆ ಯಾರೂ ಕೆಮ್ಮಿಲ್ಲ. ಸೋತ ಮೇಲೆ ಅವರಿಗೆ ಸಿಕ್ಕ ಮರ್ಯಾದೆ ಹನ್ನೆರಡು ವರ್ಷ ಗೆದ್ದಾಗ ಸಿಕ್ಕಿರಲಿಲ್ಲ ಎಂದು ಅವರೇ ಹೇಳುತ್ತಾರೆ. ನಂಜಮ್ಮ ಹೊಂಗೆಮರದ ನೆರಳಿಗೆ ಬಂದರು. ಪುಟ್ಟಬಸಪ್ಪನವರನ್ನು ಗೋಡೆಯ ಹಿಂದಕ್ಕೆ ಕಳಿಸುತ್ತಾರೆ ಎಂದು ಎಲ್ಲರೂ ಕಾದರು. ಕಳಿಸಲಿಲ್ಲ. ಆ ಗೋಡೆಯ ಹಿಂದೆ ಯಾರೂ ಕೂರಬೇಕಾಗಿಲ್ಲ, ಒತ್ತಿಕೊಂಡು ಕೂತರೆ ಎಲ್ಲರಿಗೂ ಜಾಗ ಇದೆ ಎಂದು ಹಗ್ಗ ಹಿಡಿದು ಅಳೆದು ತೋರಿಸಿದರು. ನಾನು ಪೆಟ್ಟಿಗೆ ಹೊತ್ತುಕೊಂಡು ನಜರ್‌ಬಾದಿಗೆ ನಡೆದು ಬಂದೆ. ಆಟೋ ಸಿಕ್ಕಿದರೂ ಹತ್ತಲಿಲ್ಲ. ದಾರಿಯಲ್ಲಿ ಜನ ನೋಡಲಿ ಎಂದು.

ಮುಂದಿನ ವಾರ ನಂಜಮ್ಮ ತಮ್ಮ ಮಿಕ್ಸಿ ತಂದರು. ಬಿಟ್ಟು ಹೋಗಿ, ಎರಡು ದಿನ ಆಗುತ್ತದೆ ಎಂದೆ. ಬಿಡಲಿಲ್ಲ. ಸ್ಟೂಲು ಎಳೆದುಕೊಂಡು ಕೂತು ಎಲೆಅಡಿಕೆ ಹಾಕಿಕೊಂಡು, "ನನ್ನ ಮುಂದೇ ಬಿಚ್ಚು, ನೋಡ್ತೀನಿ," ಎಂದರು. ಬಿಚ್ಚಿದೆ. ಒಂದು ವೈರು ಕಳಚಿಕೊಂಡಿತ್ತು. ಸಿಕ್ಕಿಸಿದೆ. ತಿರುಗಿತು. ಎರಡು ನಿಮಿಷವೂ ಆಗಲಿಲ್ಲ. ಅವರು ಬಾಯಲ್ಲಿದ್ದ ಎಲೆಯನ್ನು ಆ ಕಡೆಯಿಂದ ಈ ಕಡೆಗೆ ತಂದುಕೊಂಡು ನನ್ನನ್ನೇ ನೋಡಿದರು. "ವೋದ್ ಸಲಾನೂ ಇಂಗೇ ನಿಂತಿತ್ತು. ಮೋಟ್ರು ಕಾಯಿಲ್ ಸುಟ್ಟೋಗದೆ ಅಂತ ದುಡ್ಡು ಇಸ್ಕೊಂಡಿದ್ದೆಯಲ್ಲೋ ಮಾದೇಸ?"

ಅವರು ಹೋಗಿ ಬೀದಿಯವರಿಗೆಲ್ಲ ಹೇಳಿದರು. ಈಗ ಅಂಗಡಿಯಲ್ಲಿ ನಾಲ್ಕು ಸ್ಟೂಲಿವೆ. ತಂದವರು ಯಾರೂ ಸಾಮಾನು ಬಿಟ್ಟು ಹೋಗುವುದಿಲ್ಲ, ಕೂತು ನೋಡುತ್ತಾರೆ. ನಜರ್‌ಬಾದಿನಲ್ಲಿ ಕಾಯಿಲ್ ಸುಡುವುದೇ ನಿಂತುಹೋಗಿದೆ. ಇದಕ್ಕಿಂತ ಹೆಚ್ಚಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.